ರೋಲ್ ತೆಗೀರಿ ಎಂದರೆ ಏನರ್ಥ?

ಯೂನಿವರ್ಸಿಟಿ ಡಿಸ್ಟ್ರಿಕ್ಟ್, ಸಿಯಾಟಲ್
೮ ಸೆಪ್ಟೆಂಬರ್ ೨೦೦೩

ಸೌಭಾಗ್ಯವತಿ ಅನಸೂಯಾಗೆ,

ಮೊಣಕಾಲು ಹೇಗಿದೆ? ಡಾಕ್ಟರು ಹೇಳಿದಂತೆ ನಡೆಯುತ್ತಿದ್ದೀಯೋ, ಇಲ್ಲಾ ಪಕ್ಕದ ಮನೆ ಸಿದ್ದಮ್ಮನ ಜೊತೆ ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯುತ್ತಿದ್ದೀಯೋ? ಆ ಕಾಲು ಸರಿಯಿದ್ದಿದ್ದರೆ ನೀನೂ ಇಲ್ಲಿರುತ್ತಿದ್ದೆ, ಅಪ್ಪ ಮಗಳ ನಡುವೆ ನ್ಯಾಯ ಹೇಳಲು ಒಬ್ಬರಿರುತ್ತಿದ್ದರು. ನನ್ನ ಆರೋಗ್ಯ ಚೆನ್ನಾಗಿದೆ, ತಲೆ ಮಾತ್ರ ಕೆಟ್ಟಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಮಗಳು ಪಕ್ಕದಲ್ಲೇ ನಿಂತಿರುತ್ತಾಳೆ. ಅದಕ್ಕೇ ಈ ಕಾಗದ.

ಕಾಡು ಬೆಟ್ಟಗಳ ಫೋಟೋ ತೆಗೆಯಲು ಸ್ವಪ್ನಾ ಕಾರಿನಲ್ಲಿ ಸುತ್ತುತ್ತಾಳಲ್ಲ, ಈ ಸಲ ನನ್ನನ್ನೂ ಹೊರಡಿಸಿದಳು. ದಾರಿ ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ನದಿ, ಸೇಬಿನ ತೋಟ, ಕತ್ತು ನೋಯುವಷ್ಟು ಎತ್ತರದ ಮರಗಳು. ಆದರೆ ಮಲಗುವುದು ಟೆಂಟಿನಲ್ಲಿ! ಈ ವಯಸ್ಸಿನಲ್ಲಿ ಚೀಲದೊಳಗೆ ತೂರಿಕೊಂಡು ನಿದ್ದೆ ಮಾಡಬೇಕು. ಕರಡಿ ಬರುತ್ತದೆಂದು ನೀನು ಕಟ್ಟಿಕೊಟ್ಟ ಚಟ್ನಿಪುಡಿಯನ್ನೂ ಕಾರಿನಲ್ಲಿಟ್ಟು ಬೀಗ ಹಾಕಿದಳು. ರೇನಿಯರ್ ಎಂಬ ಹಿಮದ ಬೆಟ್ಟದೆದುರು ದಿನಗಟ್ಟಲೆ ಕೂತೆವು, ಮೋಡ ಸರಿಯಬೇಕಂತೆ. ನನ್ನ ಹಲ್ಲು ಕಟಕಟ ಎನ್ನುತ್ತಿದ್ದರೆ ಇವಳು "ಇನ್ನೊಂಚೂರು ಇರಿ ಅಪ್ಪಾ, ಈಗ ಬರುತ್ತೆ" ಎನ್ನುತ್ತಾಳೆ, ಬೆಟ್ಟವೇನೋ ಬಸ್ಸಿನಲ್ಲಿ ಬರುವ ನೆಂಟ ಎಂಬಂತೆ.

ಕೊನೆಗೊಂದು ಬೆಳಗ್ಗೆ ಬೆಟ್ಟ ಕಾಣಿಸಿತು. ನಿಜ ಹೇಳುತ್ತೇನೆ ಅನಸೂಯಾ, ಕೈಯಲ್ಲಿದ್ದ ಕಾಫಿ ಆರಿಹೋದದ್ದೂ ತಿಳಿಯಲಿಲ್ಲ. ಹಿಮವೆಲ್ಲ ನಸುಗೆಂಪಾಗಿತ್ತು. ಸ್ವಪ್ನಾ ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾದಲ್ಲಿ ಆ ಬೆಟ್ಟವನ್ನು ಹಿಡಿದುಕೊಂಡಳು. ಒಂದು ದೊಡ್ಡ ಕ್ಯಾಲೆಂಡರಿನ ಮುಖಪುಟಕ್ಕೆ ಈ ಬೆಟ್ಟದ ಫೋಟೋ ಬೇಕೆಂದು ಮೊದಲ ಬಾರಿಗೆ ಅವಳನ್ನು ಕೇಳಿದ್ದರು. ಆಮೇಲೆ ಇನ್ನೊಂದು ಕ್ಯಾಮೆರಾ ಹಿಡಿದು, ಬಂಡೆಯ ಮೇಲೆ ಶಿಳ್ಳೆ ಹಾಕುತ್ತಿದ್ದ ಬೆಕ್ಕಿನ ಗಾತ್ರದ ಯಾವುದೋ ಪ್ರಾಣಿಯ ಮುಂದೆ ಹೋಗಿ ಬೋರಲು ಮಲಗಿದಳು. ಅಲ್ಲಿಂದಲೇ ಕೂಗಿದಳು: "ಅಪ್ಪಾ, ರೋಲ್ ತೆಗೀರಿ, ಬೇಗ!"

ತೆಗೆದೆ. ಮುಗಿದ ಫಿಲ್ಮ್ ರೋಲು ತಾನಾಗಿಯೇ ಡಬ್ಬಿಯೊಳಗೆ ಸುತ್ತಿಕೊಳ್ಳುತ್ತದೆ ಎಂದು ಹಿಂದಿನ ದಿನ ಅವಳೇ ಹೇಳಿದ್ದಳು. ಮುಗಿದಿರಬೇಕೆಂದುಕೊಂಡು ಸ್ಟ್ಯಾಂಡಿನ ಕ್ಯಾಮೆರಾದ ಬೆನ್ನು ಬಿಚ್ಚಿ ರೋಲು ಎಳೆದೆ. ಅದು ಸೇವಿಗೆಯಂತೆ ಉದ್ದಕ್ಕೆ ಬಿಸಿಲಿಗೆ ಬಂತು. "ಅಯ್ಯೋ, ಏನ್ ಮಾಡಿಬಿಟ್ರಿ! ಈ ಕ್ಯಾಮೆರಾಗೆ ಬ್ಯಾಗಿಂದ ಹೊಸ ರೋಲ್ ತೆಗೀರಿ ಅಂದಿದ್ದು!" ಎಂದು ಕಿರುಚಿದಳು. ಬೆಳಕು ತಾಗಿ ಬೆಟ್ಟವೆಲ್ಲ ಹೋಯಿತು. ಮತ್ತೆ ಮೋಡ ಕವಿಯಿತು.

ಈಗ ನೀನು ಹೇಳು, ಅಷ್ಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಬಾಗಿಲು ತೆಗಿ ಎಂದರೆ ತೆರೆಯುವುದು, ಹಲ್ಲು ತೆಗಿ ಎಂದರೆ ಕೀಳುವುದು, ಫೋಟೋ ತೆಗಿ ಎಂದರೆ ಇನ್ನೊಂದು. ಹೊಸ ರೋಲ್ ಕೊಡಿ ಎನ್ನಬಾರದಿತ್ತೇ? ಸಿಟ್ಟು ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವಳ ಮುಖಪುಟ ನನ್ನ ಕೈಯಿಂದಲೇ ಹಾಳಾಯಿತಲ್ಲ ಎನಿಸುತ್ತದೆ. ದಾರಿಯಲ್ಲಿ ಅವಳು "ಬೆಲ್ಟ್ ಹಾಕ್ಕೊಳ್ಳಿ" ಎಂದದ್ದಷ್ಟೇ. ಈಗಲೂ "ಊಟಕ್ಕೆ ಬನ್ನಿ", "ಮಾತ್ರೆ ತಗೊಂಡ್ರಾ", ಇಷ್ಟೇ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಕಾಲಿಗೆ ಎಣ್ಣೆ ಹಚ್ಚಿಕೋ, ಸಿದ್ದಮ್ಮನಿಗೆ ಕೇಳಿದೆನೆಂದು ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ ನಿನ್ನ,
ಶೇಖರಪ್ಪ

ವಿ.ಸೂ.: ಕ್ಯಾಲೆಂಡರಿನವರು ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ದಸರಾ ಹೊತ್ತಿಗೆ ಸ್ವಪ್ನಾ ಮತ್ತೆ ಅದೇ ಬೆಟ್ಟಕ್ಕೆ ಹೋಗುತ್ತಾಳಂತೆ, ಒಬ್ಬಳೇ. ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಕರಡಿ ಇರುವ ಜಾಗ, ಒಬ್ಬಳೇ ಬೇಡವೆಂದು ನೀನೇ ಗದರಿಸು. ನಾನೂ ಬರಲೇ ಎಂದು ನಾನಾಗಿ ಕೇಳಿದರೆ ಬೇಡ ಎಂದುಬಿಟ್ಟಾಳೆಂದು ಹೆದರಿಕೆ. ಕ್ಯಾಮೆರಾ ಮುಟ್ಟುವುದಿಲ್ಲ, ಟೆಂಟಿನ ಹತ್ತಿರ ಕೂತು ಉಪ್ಪಿಟ್ಟು ಮಾಡಿಕೊಂಡಿರುತ್ತೇನೆ. ನಾನು ಬರೆದೆ ಎಂದು ಮಾತ್ರ ಹೇಳಬೇಡ.