ಅವಿಭಕ್ತ ಕುಟುಂಬದ ಛಾಪಾ ಕಾಗದ

ದಾವಣಗೆರೆ
18 ಜುಲೈ 2024

ಪ್ರೀತಿಯ ಕೃತಿಕಾ,

ಕೆಮ್ಮು ಇಳಿಯಿತೆ? ಕರ್ನೂಲಿನ ಖಾರ ಹೊಟ್ಟೆಗೆ ಒಗ್ಗಿತೆ? ಬ್ಯಾಂಕಿನಲ್ಲಿ ಎಷ್ಟೇ ರಶ್ ಇದ್ದರೂ ಮಧ್ಯಾಹ್ನದ ಊಟ ಬಿಡಬೇಡ. ಭಾನುವಾರ ಹರಿಹರಕ್ಕೆ ಹೋಗಿ ನಿಮ್ಮ ಅಮ್ಮನನ್ನು ನೋಡಿ ಬಂದೆ. ಚೆನ್ನಾಗಿದ್ದಾರೆ. ಅಳಿಯ ಬಂದನೆಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಡಿಸಿ ಬಡಿಸಿ ಹಾಕಿದರು, ಆದ್ದರಿಂದ ಖಾರದ ವಿಷಯ ಮಾತಾಡಲು ನನಗೂ ಹಕ್ಕಿದೆ. ಫೋನ್ ಇರುವಾಗ ಪತ್ರವೇಕೆ ಎನ್ನುತ್ತೀಯ. ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಅಲ್ಲಿ ಮಳೆ ಬಂತಾ ಎಂದು ಕೇಳಿ ಇಟ್ಟುಬಿಟ್ಟೆ.

ವಿಷಯ ನಮ್ಮಿಬ್ಬರ ತೆರಿಗೆಯದು. ಮದುವೆಯಾಗಿ ಐದು ತಿಂಗಳಾಯಿತು, ಒಟ್ಟಿಗೆ ಇದ್ದದ್ದು ಹದಿನೇಳು ದಿನ. ಒಂದು ಕಾಗದದಲ್ಲಾದರೂ ಜೊತೆಗಿರೋಣವೆಂದು, ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕಬಹುದೇ ಎಂದು ಆಡಿಟರ್ ಖುದ್ದೂಸ್ ಸಾಹೇಬರನ್ನು ಕೇಳಿದೆ. ಅವರು ನಕ್ಕು, “ನಮ್ಮ ದೇಶದಾಗ ಅಂಥದ್ದು ಇಲ್ರಿ. ಅವರದು ಅವರಿಗೆ, ನಿಮ್ಮದು ನಿಮಗೆ. ಬೇಕಂದ್ರೆ ಬರೀ ತೆರಿಗೆ ಲೆಕ್ಕಕ್ಕ ನಿಮ್ಮಿಬ್ಬರದೊಂದು ಅವಿಭಕ್ತ ಕುಟುಂಬ ಅಂತ ಬ್ಯಾರೆ ಫೈಲ್ ಮಾಡ್ಬಹುದು” ಎಂದರು. ಪಕ್ಕದಲ್ಲಿ ಅಪ್ಪಾಜಿ ಕೂತಿದ್ದರು. ಅಷ್ಟೇ ಸಾಕಾಯಿತು.

ನಮ್ಮ ಬಟ್ಟೆ ಅಂಗಡಿ ಅಜ್ಜನ ಕಾಲದಿಂದ ಅವಿಭಕ್ತ ಕುಟುಂಬದ ಹೆಸರಿನಲ್ಲೇ ತೆರಿಗೆ ಕಟ್ಟುತ್ತಿದೆ. ಅಪ್ಪಾಜಿಗೆ ಆ ಪದವೆಂದರೆ ಒಂದು ಒಲೆ, ಒಂದು ಪಂಕ್ತಿ. “ಅವಿಭಕ್ತ ಅಂದ್ಮೇಲೆ ಒಂದೇ ಮನ್ಯಾಗ ಇರ್ಬೇಕು. ಕೃತಿಕಾ ಕೆಲಸ ಬಿಟ್ಟು ಬರ್ಲಿ. ಕಾಗದ ನಾನೇ ಮಾಡಿಸ್ತೀನಿ” ಎಂದರು. ಹೆಂಡತಿ ಯಾವ ರಾಜ್ಯದಲ್ಲಿದ್ದರೂ ಕಾನೂನಿಗೆ ಅಡ್ಡಿಯಿಲ್ಲ ಎಂದು ಸಾಹೇಬರು ಬಿಡಿಸಿ ಬಿಡಿಸಿ ಹೇಳಿದರು. ಅಪ್ಪಾಜಿ ಪೂರ್ತಿ ಕೇಳಿದರು, ಒಪ್ಪಲಿಲ್ಲ. ಸಿಟ್ಟಾಗಬೇಡ. ಅಮ್ಮ ಹೋದ ಮೇಲೆ ನಾವಿಬ್ಬರು ಗಂಡಸರು ಖಾನಾವಳಿಯ ರೊಟ್ಟಿ ತರಿಸಿಕೊಂಡು ಎದುರುಬದುರು ಕೂತು ಮಾತಿಲ್ಲದೆ ತಿನ್ನುತ್ತೇವೆ. ಸೊಸೆ ಬಂದರೆ ಮನೆ ಮತ್ತೆ ಮನೆಯಾಗುತ್ತದೆ ಎಂಬ ಆಸೆ ಅವರದು.

ನನ್ನದು ಅಡಕತ್ತರಿಗೆ ಸಿಕ್ಕ ಅಡಿಕೆಯ ಪಾಡು. ನಿನ್ನ ಪರವಾಗಿ ಮಾತಾಡಲು ದಿನವೂ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಅವರು “ಚಾ ಕುಡಿತೀಯೇನೋ” ಎನ್ನುತ್ತಾರೆ, ನಾನು ಹೂಂ ಎನ್ನುತ್ತೇನೆ. ನಾಲ್ಕು ವರ್ಷ ಪರೀಕ್ಷೆ ಬರೆದು ಬರೆದು ಪಡೆದ ನೌಕರಿ ನಿನ್ನದು. ಅದನ್ನು ಬಿಡು ಎನ್ನಲು ನನಗೆ ಮನಸ್ಸಿಲ್ಲ. ಅವಳು ಬಿಡುವುದಿಲ್ಲ ಎಂದು ಅಪ್ಪಾಜಿಗೆ ಹೇಳಲು ಧೈರ್ಯವಿಲ್ಲ. ನನಗೇ ನಾಚಿಕೆಯಾಗುತ್ತಿದೆ.

ಆಶೀರ್ವಾದ ತಿಳಿಸು ಎಂದು ಅಪ್ಪಾಜಿ ಈಗಷ್ಟೇ ಹೇಳಿ ಹೋದರು, ತಿಳಿಸಿದ್ದೇನೆ. ಕೆಮ್ಮಿಗೆ ಬಿಸಿನೀರು ಕುಡಿ.

ನಿನ್ನವನೇ ಆದ
ಮಹಾಂತೇಶ್

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ: ಇದೇ ಲಕೋಟೆಯಲ್ಲಿ ಅಪ್ಪಾಜಿ ಟೈಪ್ ಮಾಡಿಸಿದ ಛಾಪಾ ಕಾಗದವಿದೆ. ಸಹಿ ಮಾಡಿ ವಾಪಸ್ ಕಳಿಸಬೇಕಂತೆ. ಅದರಲ್ಲಿ ನಿನ್ನ ವಾಸ ದಾವಣಗೆರೆ, ಉದ್ಯೋಗ ಗೃಹಿಣಿ ಎಂದಿದೆ. ನಾನು ಅದನ್ನು ಓದಿದೆ. ಅವರು ಪೆನ್ನು ಕೊಟ್ಟರು, ಸಹಿ ಹಾಕಿಬಿಟ್ಟೆ. ನೀನು ಹಾಕಬೇಡ.