ಗೆರೆ ಎಳೆದು ಟೀಗೆ ಹೋಗುತ್ತಿದ್ದವನು

ಅಂಗಡಿಯಿಂದ,
೧೨ನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಂಗಿ ಪುಟ್ಟಿಗೆ, ಅಣ್ಣನ ಆಶೀರ್ವಾದಗಳು.

ಮೊಣಕಾಲು ನೋವು ಹೇಗಿದೆ? ನೀನು ಅತ್ತಿಗೆಗೆ ಬರೆದದ್ದನ್ನು ಅವಳು ಹೇಳಿದಳು. ಹೊಲಿಗೆ ಮೆಷಿನ್ ತುಳಿದು ತುಳಿದು ಬಂದದ್ದು, ಸುಲಭಕ್ಕೆ ಬಿಡುವುದಿಲ್ಲ. ಬಿಸಿನೀರಿನ ಶಾಖ ತಪ್ಪಿಸಬೇಡ. ಐವತ್ತೈದಾದವಳನ್ನು ಇನ್ನೂ ಪುಟ್ಟಿ ಅನ್ನುತ್ತೀರಲ್ಲ ಎಂದು ಅವಳು ಗದರುತ್ತಾಳೆ. ನನಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ನಾವಿಬ್ಬರೂ ಆರೋಗ್ಯ. ನನ್ನ ಸಕ್ಕರೆ ಮಾತ್ರ ನನ್ನ ನಾಲಿಗೆಯ ಹಾಗೆ, ಹದ್ದುಬಸ್ತಿನಲ್ಲಿಲ್ಲ.

ಸುದ್ದಿಗೆ ಬರುತ್ತೇನೆ. ಎದುರು ಸಾಲಿನ ಗಡಿಯಾರ ರಿಪೇರಿಯವರು ಮಗಳ ಮದುವೆಗೆಂದು ನನ್ನಲ್ಲಿ ಕೋಟು ಹೊಲಿಸಿದ್ದರು. ಹೋದ ವಾರ ಅದನ್ನು ಹಾಕಿಕೊಂಡೇ ಬಂದು ಕನ್ನಡಿ ಎದುರು ನಿಂತು, “ಏನ್ ಮಾಸ್ಟ್ರೇ, ನನ್ನ ಹೆಗಲು ಸೊಟ್ಟಾನೋ, ನಿಮ್ಮ ಕಣ್ಣು ಸೊಟ್ಟಾನೋ?” ಎಂದು ನಕ್ಕರು. ನಾನು ನಗಲಿಲ್ಲ. ದಿನವಿಡೀ ಬಗ್ಗಿ ಕೂರುವವರ ಹೆಗಲು ಇಳಿಯದೆ ಇನ್ನೇನು ಎಂದು ಅವರಿಗೇ ಪಾಠ ಹೇಳಿ ಕಳಿಸಿದೆ. ನೀನು ಅಂಗಡಿ ಬಿಟ್ಟು ಹೋದ ಈ ಏಳು ವರ್ಷದಲ್ಲಿ ಹಿಂದಿರುಗಿ ಬಂದ ಕೋಟುಗಳಿಗೆಲ್ಲ ನನ್ನ ಹತ್ತಿರ ಕಾರಣವಿತ್ತು: ಮಿಲ್ಲಿನ ಬಟ್ಟೆ, ಹೊಸ ಹೊಲಿಗೆಯವಳು, ಗಿರಾಕಿಯ ಬೊಜ್ಜು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ನೆಲದ ಜೊತೆಗೆ ಇಡೀ ಬೀದಿಯನ್ನೇ ಡೊಂಕು ಮಾಡಿದೆ.

ಊಟಕ್ಕೆ ಕೂತಾಗಲೂ ಅದೇ ಪುರಾಣ ಶುರುಮಾಡಿದೆ. ನಿನ್ನ ಅತ್ತಿಗೆ ತಟ್ಟೆ ಕೆಳಗಿಟ್ಟಳು. “ಸಾಕು ನಿಲ್ಸಿ. ನೀವು ಬಟ್ಟೆ ಮೇಲೆ ಚಾಕಲ್ಲಿ ಗೆರೆ ಎಳೆದು ಟೀಗೆ ಹೋದ ಮೇಲೆ ನಿಮ್ಮ ತಂಗಿ ಬ್ರಷ್ಷಲ್ಲಿ ಅದನ್ನ ಒರೆಸಿ ಬೇರೆ ಗೆರೆ ಎಳೀತಿದ್ಲು. ಇಪ್ಪತ್ತೆರಡು ವರ್ಷ ಅಡುಗೆಮನೆ ಕಿಟಕಿಯಿಂದ ನೋಡಿದೀನಿ. ಅಣ್ಣನಿಗೆ ಹೇಳ್ಬೇಡಿ ಅಂತ ಆಣೆ ಬೇರೆ ಹಾಕಿಸ್ಕೊಂಡಿದ್ಲು” ಅಂದಳು. ನನ್ನ ಆ ಟೀ ನಿನಗೆ ಗೊತ್ತಲ್ಲ. ಹೆಗಲಿಗೆ ಟೇಪು ಹಿಡಿಯುವವನು ದರ್ಜಿಯೇ ಅಲ್ಲ, ಕಣ್ಣಳತೆಯಲ್ಲಿ ಎಳೆಯಬೇಕು, ಎಳೆದ ಮೇಲೆ ಬಟ್ಟೆಯನ್ನು ಹತ್ತು ನಿಮಿಷ ಉಸಿರಾಡಲು ಬಿಟ್ಟು ಆಮೇಲೆ ಕತ್ತರಿ ಹಾಕಬೇಕು, ಅದೇ ನನ್ನ ಕೈಗುಣದ ಗುಟ್ಟು ಎಂದು ಕೊಚ್ಚಿಕೊಳ್ಳುತ್ತಿದ್ದೆ. ಗುಟ್ಟು ಅದೇ ಆಗಿತ್ತು ನೋಡು.

ನಂಬಿಕೆ ಬರದೆ ನಿನ್ನೆ ಪರೀಕ್ಷೆ ಮಾಡಿದೆ. ಬೆನ್ನಿನ ತುಂಡು ಹಾಸಿ ಎರಡು ಹೆಗಲಿಗೂ ಗೆರೆ ಎಳೆದು, ಟೀಗೆ ಹೋಗದೆ ಅಲ್ಲೇ ಕೂತು ನೋಡಿದೆ. ಸರಿಯಾಗಿತ್ತು. ಕನ್ನಡಕ ಒರೆಸಿ ನೋಡಿದೆ, ಆಗಲೂ ಸರಿಯಾಗಿತ್ತು. ಸೂಜಿಗೆ ದಾರ ಪೋಣಿಸಲೂ ಬಾರದ ನಿನ್ನ ಅತ್ತಿಗೆಯನ್ನು ಕರೆದೆ. ಬಾಗಿಲಲ್ಲೇ ನಿಂತು “ಎಡಗಡೇದು ಕೆಳಗಿದೆ” ಅಂದಳು. ಜೀವನದಲ್ಲಿ ಮೊದಲ ಸಲ ಹೆಗಲಿಗೆ ಟೇಪು ಹಿಡಿದೆ. ಅರ್ಧ ಇಂಚು. ಟೇಪು ತೆಗೆದು ಮತ್ತೆ ನೋಡಿದರೆ, ಪುಟ್ಟಿ, ನನಗೆ ಸರಿಯಾಗೇ ಕಾಣುತ್ತದೆ! ಇದೇ ಕಣ್ಣಿನಿಂದ ತಾನೆ ನಾನು ನನ್ನನ್ನೂ ನೋಡಿಕೊಂಡು ಬಂದದ್ದು? ಒಳ್ಳೇ ಕೆಲಸಗಾರ, ತಂಗಿಯನ್ನು ಸಾಕಿದ ಅಣ್ಣ, ಬಾಯಿ ಒರಟು ಮನಸ್ಸು ಮೃದು. ಬಟ್ಟೆಗಾದರೆ ಟೇಪು ಇದೆ. ಇದಕ್ಕೆ ಏನು ಹಿಡಿದು ನೋಡಲಿ?

ನೀನು ಹೋದ ದಿನ ಗಿರಾಕಿಗಳ ಎದುರು ನಾನಂದದ್ದು, “ಇಷ್ಟು ವರ್ಷ ನನ್ನ ಕೈಕೆಳಗಿದ್ದೂ ಇವಳಿಗೆ ಒಂದು ಹೆಗಲು ಗುರುತು ಹಾಕೋಕೆ ಬರಲ್ಲ.” ನೀನು “ಹೌದಣ್ಣ, ಬರಲ್ಲ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದೆ. ಕೊನೆಗೂ ಒಪ್ಪಿಕೊಂಡಳಲ್ಲ ಎಂದು ಆ ಮಧ್ಯಾಹ್ನ ಹೊಟ್ಟೆತುಂಬ ಉಂಡಿದ್ದೆ.

ಇವತ್ತು ಕತ್ತರಿಗೆ ಎಣ್ಣೆ ಸವರಿ ಕಾಗದ ಸುತ್ತಿಟ್ಟೆ. ಬಾ ಎಂದು ಕರೆಯಲು ಮುಖವಿಲ್ಲ. ನೀನು ಬರುವುದಿಲ್ಲ, ಬಂದರೂ ಇಲ್ಲಿ ಯಾರನ್ನು ಅಣ್ಣ ಅನ್ನುತ್ತೀಯೋ ನನಗೇ ತಿಳಿಯದು. ಮೈ ಕಡೆ ಗಮನವಿರಲಿ. ನೂರು ಕಾಲ ಬಾಳು.

ಇತಿ,
ನಿನ್ನ ಅಣ್ಣ

ತಾ.ಕ.: ಲಕೋಟೆಯ ಮೇಲಿನದು ನಿನ್ನ ಅತ್ತಿಗೆಯ ಅಕ್ಷರ. ನನ್ನ ಅಕ್ಷರದ ಎರಡು ಕಾಗದ ಈ ಹಿಂದೆ ಬಿಚ್ಚದೆ ವಾಪಸ್ ಬಂದವು. ಇದನ್ನು ಬಿಚ್ಚಿದ್ದರೆ ಒಂದೇ ಒಂದು ಹೇಳು: ಅಷ್ಟು ವರ್ಷದಲ್ಲಿ ನೀನು ತಿದ್ದದೆ ಬಿಟ್ಟ ಹೆಗಲು ಒಂದಾದರೂ ಇತ್ತೇ? ಇರದಿದ್ದರೆ ಇಲ್ಲ ಎಂದೇ ಬರೆ. ನನ್ನ ಸಮಾಧಾನಕ್ಕೆ ಇತ್ತು ಅನ್ನಬೇಡ, ನಾನು ನಂಬಿಬಿಡುತ್ತೇನೆ.