ತಪ್ಪೇ ತೋರಿಸದ ಭಾಷೆ

ನಾರಿನ್
ಏಪ್ರಿಲ್ ೧೯

ಪ್ರೀತಿಯ ಜಿಬೆಕ್,

ಸಿಟ್ಟೊಂದನ್ನು ಬಿಟ್ಟರೆ ನಾನು ಕ್ಷೇಮ. ನೀನು ಬಿಷ್ಕೆಕ್‌ಗೆ ಮರಳಿದ ಮೇಲೆ ಮತ್ತೆ ಮತ್ತೆ ಫೋನ್ ಮಾಡಿದೆ, ನಾನು ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಾದರೆ ನಗಿಸಿ ಒಪ್ಪಿಸಿಬಿಡುತ್ತೀಯ. ಕಾಗದದ ಮುಂದೆ ನಿನ್ನ ಆ ಆಟ ನಡೆಯುವುದಿಲ್ಲ.

ನಿನಗೆ ಬೇಕಾದದ್ದು ಒಂದು ಸಹಿ. ನೀನು ಕಟ್ಟಿದ 'ಜೆಂಗಿಲ್' ಭಾಷೆಯಲ್ಲಿ ಮಕ್ಕಳು ಪ್ರೋಗ್ರಾಂ ಬರೆಯುವುದನ್ನು ಬೇಗ ಕಲಿತರು ಎಂದು ನಮ್ಮ ಶಾಲೆಯ ಕಂಪ್ಯೂಟರ್ ಶಿಕ್ಷಕರು, ಅಂದರೆ ನಾನು, ಬರೆದುಕೊಟ್ಟರೆ ಅದು ದೇಶದ ಎಲ್ಲ ಶಾಲೆಗಳಿಗೂ ಹೋಗುತ್ತದೆ. ನಾನು ಕೊಡಲಾರೆ.

ಎಲ್ಲವೂ ಕೆಟ್ಟದ್ದೆನ್ನುತ್ತಿಲ್ಲ. ಇಂಗ್ಲಿಷ್ ತೆಗೆದು ನಮ್ಮ ಕಿರ್ಗಿಜ್ ಮಾತು ಹಾಕಿದೆ, ಸಾಲು ಸಾಲಿನ ಕೊನೆಗಿದ್ದ ಸೆಮಿಕೋಲನ್ ಕಿತ್ತೆಸೆದೆ. ಮಕ್ಕಳು ಮೊದಲ ದಿನವೇ ಪರದೆಯ ಮೇಲೆ ಚಿತ್ರ ಬಿಡಿಸಿ ಕುಣಿದಾಡಿದರು. ನನಗಿಂತ ಮುಂಚೆ ಇಲ್ಲಿದ್ದ ಮೇಷ್ಟ್ರು ಒಂದು ಬ್ರಾಕೆಟ್ ಮರೆತರೆ ಮಗುವನ್ನು ಹೊರಗೆ ನಿಲ್ಲಿಸುತ್ತಿದ್ದರು. ಅದೂ ನನಗೆ ಹೇಸಿಗೆಯೇ. ಆದರೆ ನೀನು ಅಷ್ಟಕ್ಕೇ ನಿಲ್ಲಿಸಬೇಕಿತ್ತು. ತಪ್ಪು ಬರೆದರೆ ತಪ್ಪೆಂದು ಹೇಳದೆ, ತಾನೇ ಊಹಿಸಿ ತಿದ್ದಿ ಏನೋ ಒಂದನ್ನು ತೋರಿಸುವ ಚಾಳಿಯನ್ನು ಅದಕ್ಕೆ ಯಾಕೆ ಕಲಿಸಿದೆ?

ಶಿಕ್ಷಣ ಇಲಾಖೆಯವರು ನಿನ್ನ ಜೊತೆ ಬಂದ ದಿನವನ್ನು ನೆನಪಿಸಿಕೋ. ಏಳನೇ ತರಗತಿಯ ಚೊಲ್ಪೊನ್ ಟಗರಿನ ಚಿತ್ರ ಬಿಡಿಸಲು ಒಂದು ವಾರ ಒದ್ದಾಡಿದ್ದಳು. ಗುಂಡಿ ಒತ್ತಿದಾಗ ಬಂದ ಎರಡು ಕೊಂಬಿನ ಟಗರನ್ನು ನೋಡಿ ಅವಳ ಮುಖ ಸಪ್ಪಗಾಯಿತು. "ನಾನು ಬರ್ದಿದ್ದು ಇದಲ್ಲ. ನಮ್ಮನೆ ಟಗರಿಗೆ ಒಂದೇ ಕೊಂಬು" ಅಂದಳು. ನೀನು ಅವಳ ತಲೆ ಸವರಿ, "ಒಂದು ಬಿಟ್ಟೋಗಿತ್ತು ಪುಟ್ಟಿ, ಅದೇ ಸರಿ ಮಾಡ್ಕೊಂಡಿದೆ ನೋಡು" ಅಂದೆ. ಇಲಾಖೆಯ ದೊಡ್ಡ ಮನುಷ್ಯ ಚಪ್ಪಾಳೆ ತಟ್ಟಿದ. ಮಗು ಕುರ್ಚಿ ಬಿಟ್ಟು ಎದ್ದಿತು.

ಆಮೇಲೆ ನೀವೆಲ್ಲ ಊಟಕ್ಕೆ ಹೋದಿರಿ, ಕುರಿಯ ತಲೆಯನ್ನು ಆತನ ಮುಂದಿಟ್ಟು ಮರ್ಯಾದೆ ಮಾಡಿದಿರಿ. ನಾನು ಮಾತ್ರ ಕೋಣೆಯಲ್ಲೇ ಉಳಿದು, ಕಣ್ಣು ಮುಚ್ಚಿ ಕೈಗೆ ಸಿಕ್ಕ ಅಕ್ಷರಗಳನ್ನೆಲ್ಲ ಒತ್ತಿದೆ. ಒಂದು ಹೂವು ಮೂಡಿ 'ಭೇಷ್' ಎಂದಿತು. ನನ್ನ ತಂಗಿ ಬುದ್ಧಿಗೇಡಿ ಎಂದು ಬರೆದೆ. ಮತ್ತೆ ಹೂವು, ಮತ್ತೆ ಭೇಷ್. ಸ್ವಿಚ್ಚು ಆರಿಸಿದೆ. ಊಟಕ್ಕೆ ಬರದಿದ್ದಕ್ಕೆ ತಲೆನೋವೆಂದಿದ್ದು ಸುಳ್ಳು.

ಚೊಲ್ಪೊನ್ ಈಗ ಕಂಪ್ಯೂಟರ್ ಮುಂದೆ ಕೂರುವುದಿಲ್ಲ. ಕರೆದರೆ, "ಅದಕ್ಕೇ ಎಲ್ಲಾ ಗೊತ್ತಲ್ಲ ಬುರುಲಕ್ಕ, ನಾನ್ಯಾಕೆ?" ಅನ್ನುತ್ತಾಳೆ. ಬಲವಂತವಾಗಿ ಕೂರಿಸಿ ಊರೆಲ್ಲ ಬಳಸುವ ಮಾಮೂಲಿ ಪ್ರೋಗ್ರಾಂ ಭಾಷೆಯನ್ನು ಅವಳ ಮುಂದಿಟ್ಟೆ. ತಪ್ಪಿದೆ ಎಂದು ಕೆಂಪು ಸಾಲು ಬಂದದ್ದೇ ತಡ, ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡು, "ಹಾಳು ಮಾಡ್ಬಿಟ್ನಾ?" ಎಂದು ಅತ್ತಳು. ಒಂದು ವರ್ಷ ಕಲಿತ ಹುಡುಗಿ, ಜಿಬೆಕ್. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವಳು. ತಪ್ಪು ತೋರಿಸಿದರೆ ಮಕ್ಕಳು ಹೆದರಿ ಓಡುತ್ತಾರೆ ಎಂದು ನೀನು ವಾದಿಸಿದ್ದೆ. ತೋರಿಸದೆಯೇ ಓಡಿಸಿದ್ದೀಯ.

ಆ ಊಹೆಯನ್ನು ಕಿತ್ತುಹಾಕಿ, ಎಲ್ಲಿ ತಪ್ಪಿದೆ ಎಂಬುದನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳುವಂತೆ ಮಾಡಿದ್ದರೆ ಎರಡೂ ಕೈಯಿಂದ ಸಹಿ ಹಾಕುತ್ತಿದ್ದೆ. ನಿನ್ನ ಮೇಲೆ ಪ್ರೀತಿ ಇಲ್ಲವೆಂದು ತಿಳಿಯಬೇಡ. ನಿನ್ನ ಕೆಲಸದ ಮೇಲೆ ಅಸಹ್ಯ, ಅಷ್ಟೇ.

ನಿನ್ನ ಅಕ್ಕ,
ಬುರುಲ್

ಮರೆತಿದ್ದೆ: ಇನ್ನು ಮೇಲೆ ಶಾಲೆಯ ವಿಳಾಸಕ್ಕೆ ಬರೆಯಬೇಡ. ನಾನು ಸಹಿ ಹಾಕುವುದಿಲ್ಲ ಎಂದಿದ್ದಕ್ಕೆ ಹೆಡ್ಮಾಸ್ಟರು ಸೋಮವಾರವೇ ಕಂಪ್ಯೂಟರ್ ಕೋಣೆಯ ಬೀಗದ ಕೈ ಕಸಿದು ಡ್ರಿಲ್ ಮೇಷ್ಟ್ರಿಗೆ ಕೊಟ್ಟರು. "ಏನ್ ಒತ್ತಿದ್ರೂ ಭೇಷ್ ಅನ್ನುತ್ತೆ, ಪಾಠ ಮಾಡೋ ತಾಪತ್ರಯನೇ ಇಲ್ಲ" ಎಂದು ಆತ ಖುಷಿಯಾಗಿದ್ದಾನೆ. ನಿನ್ನ ಕಾಗದಕ್ಕೆ ಆತನ ಸಹಿಯೂ ಬಿದ್ದಿದೆ. ಜೆಂಗಿಲ್‌ನಿಂದ ಎಲ್ಲರಿಗಿಂತ ಬೇಗ ಕಲಿತ ವಿದ್ಯಾರ್ಥಿ ಯಾರು ಎಂಬಲ್ಲಿ ಆತ ಬರೆದಿರುವುದು ಚೊಲ್ಪೊನ್ ಹೆಸರನ್ನು.